ಬಾಗಿದ ಬೆನ್ನಿನ ಕುರ್ಚಿ

“ಕುರ್ಚಿ ಮೇಲಿನ ಬಟ್ಟೆ ಮಾತ್ರ ಬದಲಾಯಿಸಪ್ಪ. ಒಳಗೆ ಕಪ್ಪು ದಾರದಲ್ಲಿ ಹೊಲಿದಿರೋ ಗೋಣಿ ಇದೆ. ಅದಕ್ಕೆ ಮಾತ್ರ ಕೈ ಹಾಕಬೇಡ.”

ಕುಶನ್ ಕೆಲಸದವನು ಸುತ್ತಿಗೆ ಕೆಳಗಿಟ್ಟು ನಕ್ಕ. “ಯಾಕಜ್ಜಿ, ಒಳಗೆ ನಿಧಿಗಿಧಿ ಇಟ್ಟಿದೀರಾ?”

ಮುದುಕಿ ನಗಲಿಲ್ಲ. “ಮಾಟ ಮಾಡಿಸಿ ಕಟ್ಟಿಸಿದ್ದು. ಬಿಚ್ಚಿದೋರಿಗೇ ಅಂಟ್ಕೊಳ್ಳುತ್ತೆ.”

“ಅಂಟ್ಕೊಳ್ಳೋದಾದ್ರೆ ಒಳ್ಳೇದೇ ಆಯ್ತು, ಗೋಂದಿನ ಖರ್ಚು ಉಳೀತು!” ಎಂದ ಪುಣ್ಯಾತ್ಮ. ಅವಳು ಬೀದಿ ದಾಟಿ ಮರೆಯಾದ ಮೇಲೂ ನಗುತ್ತಲೇ ಇದ್ದ. ಅಯ್ಯೋ, ಆ ನಗುವಿಗಿಷ್ಟು ಬೆಂಕಿ ಬೀಳಬಾರದಿತ್ತೆ!

ಆ ಓಣಿಗೆ ಅವನು ಹೊಸಬ. ಮುಂದೆ ಅಂಗಡಿ, ಹಿಂದೆ ಮನೆ. ನಡುವಿನ ಬಾಗಿಲ ಬಳಿ ಹೆಂಡತಿಯ ಹೊಲಿಗೆ ಯಂತ್ರ. ಮಗಳು ಗುಬ್ಬಿಗೆ ಮಾತ್ರ ಬೇರೆ ಜಾಗ ಬೇಕಿರಲಿಲ್ಲ. ಶಾಲೆಯಿಂದ ಬಂದವಳೇ ಚೀಲ ಎಸೆದು, ನೆಲದಲ್ಲಿ ಕೂತು ಮೊಳೆ ಹೊಡೆಯುವ ಅಪ್ಪನ ಬೆನ್ನಿಗೆ ಜೋತುಬೀಳುತ್ತಿದ್ದಳು. ಕತ್ತು ಬಳಸಿ, ಕೆನ್ನೆ ಒತ್ತಿ, ಕೂಸುಮರಿ ಆಡಿಸು ಎಂದು ಹಟ ಹಿಡಿಯುತ್ತಿದ್ದಳು. “ಕೆಲಸ ಕೆಡ್ತದೆ ಕಣೇ ಕೋತಿ” ಎಂದು ಬೈಯುತ್ತಲೇ ಅವನು ತೂಗುತ್ತಿದ್ದ. ಆ ಭಾರವಿಲ್ಲದ ದಿನ ಅವನಿಗೆ ಕೆಲಸವೇ ಸಾಗುತ್ತಿರಲಿಲ್ಲ.

ಕುರ್ಚಿಯ ಬೆನ್ನು ಕೂತವರನ್ನು ತೋಳುಗಳಿಂದ ಬಳಸುವಂತೆ ಬಾಗಿತ್ತು. ಅಂಥ ಬಾಗಿಗೆ ಬಟ್ಟೆ ಕೂರಿಸುವುದು ಹುಡುಗಾಟವಲ್ಲ. ನಡುವಿನಿಂದ ಅಂಚಿಗೆ ಎಳೆಯುತ್ತಾ, ಅಂಗೈಯಿಂದ ಸವರುತ್ತಾ ಹೋಗಬೇಕು. ಹಾಗೆ ಸವರುವಾಗ ಭುಜ ತಾಗುವೆಡೆ ಒಂದು ಗಂಟು ಸಿಕ್ಕಿತು. ಹೇಗೆ ಎಳೆದರೂ ಬಟ್ಟೆ ಅಲ್ಲೇ ಸುಕ್ಕುಗಟ್ಟುತ್ತಿತ್ತು. ಬಿಚ್ಚಿದ, ಮತ್ತೆ ಎಳೆದ. ಮತ್ತದೇ ಸುಕ್ಕು.

“ಹೊಸ ಊರಲ್ಲಿ ಮೊದಲ ಒಳ್ಳೇ ಕೆಲಸ. ಹೀಗೆ ಕೊಟ್ರೆ ನನ್ನ ಮುಖಕ್ಕೆ ಮಂಗಳಾರತಿ,” ಎಂದು ಕತ್ತರಿ ಎತ್ತಿಕೊಂಡ.

“ಅಜ್ಜಿ ಅಷ್ಟು ಹೇಳಿ ಹೋಗಿದ್ದಾರೆ. ಬಿಟ್ಟುಬಿಡೀಂದ್ರೆ,” ಎಂದಳು ಹೆಂಡತಿ.

“ನೀನೂ ಶುರು ಮಾಡ್ದ್ಯಾ? ಹಳೇ ನಾರು ಗಂಟುಕಟ್ಟಿದೆ, ಅಷ್ಟೇ.”

ಕಪ್ಪು ದಾರ ಸುಲಭಕ್ಕೆ ಜಗ್ಗಲಿಲ್ಲ. ಹಲ್ಲು ಕಚ್ಚಿ ಕತ್ತರಿಸಿದ. ಗೋಣಿ ಬಾಯ್ಬಿಟ್ಟಿತು. ಒಳಗಿಂದ ಬೆಚ್ಚನೆಯ ವಾಸನೆಯೊಂದು ಎದ್ದು ಮುಖಕ್ಕೆ ಬಡಿಯಿತು. ಧೂಳಿನದಲ್ಲ, ಇಲಿಯದಲ್ಲ. ಜ್ವರ ಬಂದ ಮಗುವಿನ ಮೈವಾಸನೆ. ನಾರಿನ ನಡುವೆ ಒಂಟಿ ಕಾಲ್ಚೀಲದ ಪುಟ್ಟ ಗಂಟು. ಒಳಗೆ ನುಣುಪಾದ ಕೂದಲಿನ ಸುರುಳಿ, ಒಂದು ಹಾಲುಹಲ್ಲು. ಅವನ ಬೆರಳು ತಾಗಿದ್ದೇ ತಡ, ಎಲ್ಲವೂ ಬೂದಿಯಂತೆ ಉದುರಿತು. ಯಾರೋ ಬಹಳ ಕಾಲ ಕಟ್ಟಿಹಿಡಿದಿದ್ದ ಉಸಿರು ಬಿಟ್ಟಂತೆ ಒಂದು ಸದ್ದು. ಅವನು ಕೈ ಕೊಡವಿಕೊಂಡು, ಹೊಸ ಹತ್ತಿ ತುಂಬಿ, ಬಟ್ಟೆ ಎಳೆದ. ಈಗ ಒಂದು ಸುಕ್ಕಿಲ್ಲ.

ಮೋಡ ಕವಿದು ಅಂಗಡಿ ಮಬ್ಬಾಗಿತ್ತು. ಕೊನೆಯ ಸಾಲಿನ ಮೊಳೆ ಹೊಡೆಯುತ್ತಿದ್ದಾಗ ಬೆನ್ನಿಗೆ ಭಾರ ಬಿತ್ತು. ಎರಡು ತೋಳು ಕತ್ತು ಬಳಸಿದವು.

“ಬಂದ್ಯಾ ಕೋತಿ?” ತಿರುಗದೆಯೇ ತೂಗಿದ. ಕತ್ತಿಗೊತ್ತಿದ ಕೆನ್ನೆ ತಣ್ಣಗಿತ್ತು. “ಯಾಕೇ ಇಷ್ಟು ತಣ್ಣಗಿದೀಯ?”

“ಅಪ್ಪಾ…”

ದನಿ ಬಂದದ್ದು ಬಾಗಿಲಿನಿಂದ. ಗುಬ್ಬಿ ಹೊಸ್ತಿಲಲ್ಲಿ ನಿಂತಿದ್ದಳು. ಚೀಲ ಇನ್ನೂ ಹೆಗಲಲ್ಲೇ ಇತ್ತು.

“ಅಪ್ಪಾ, ನನ್ನ ಜಾಗದಲ್ಲಿ ಯಾರೋ ಕೂತಿದಾಳೆ.”

ಸುತ್ತಿಗೆ ಜಾರಿತು. ಹಿಂದಕ್ಕೆ ಕೈ ಚಾಚಿದ. ಬರೀ ಗಾಳಿ. ಭಾರ ಇತ್ತು. ಉಸಿರು ಇತ್ತು. ಕೈಗೆ ಏನೂ ಸಿಗಲಿಲ್ಲ.

“ಎರಡು ಜಡೆ ಹಾಕಿದಾಳೆ. ಒಂದೇ ಕಾಲ್ಚೀಲ. ಇಳಿಯೇ! ನಮ್ಮಪ್ಪ ಕಣೇ ಅದು!” ಗುಬ್ಬಿ ಓಡಿ ಬಂದು ಅವನನ್ನು ಅಪ್ಪಿದಳು. ಅಪ್ಪಿದವಳು ಹಾಗೇ ಕುಸಿದಳು. ಮೈ ಕೆಂಡ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಹೆಂಡತಿ ಚೀರಿ ಓಡಿಬಂದು ಮಗಳನ್ನು ದೂರ ಎಳೆದಳು. ಎಳೆದೊಡನೆ ಜ್ವರ ಇಳಿಯಿತು. ಜೀವ ತಡೆಯದೆ ಅವನು ಮತ್ತೆ ಹಣೆ ಮುಟ್ಟಿದ. ಮತ್ತೆ ಕೆಂಡ.

“ಮುಟ್ಟಬೇಡಿ!” ಎಂದು ಅರಚಿದಳು ಹೆಂಡತಿ. “ನಿಮ್ಮ ದಮ್ಮಯ್ಯ, ಅವಳನ್ನ ಮುಟ್ಟಬೇಡಿ!”

ಮರುದಿನ ಮುದುಕಿ ಬಂದಳು. ಕುರ್ಚಿಯ ಬಾಗಿಗೆ ಕಿವಿಯಿಟ್ಟಳು. ಸವರಿದಳು, ಮತ್ತೆ ಕಿವಿಯಿಟ್ಟಳು. ಆಮೇಲೆ ಬಾಯ್ಬಿಟ್ಟು ಅತ್ತಳು.

“ನನ್ನ ಮಗಳಪ್ಪ. ಜ್ವರದಲ್ಲಿ ಹೋಗ್ತಾ ಇದ್ಲು. ಕಳಿಸೋಕೆ ಮನಸ್ಸು ಬರ್ಲಿಲ್ಲ. ಮಂತ್ರವಾದಿ ಕೈಲಿ ಅವಳ ಕೊನೆ ಉಸಿರು ಕಟ್ಟಿಸಿದೆ. ಇದಕ್ಕೆ ಒರಗಿದ್ರೆ ಸಾಕು, ಹಿಂದಿಂದ ಅಪ್ಕೋತಿದ್ಲು.” ಅವನ ಬಗ್ಗಿದ ಬೆನ್ನು ಕಂಡು ಅವಳಿಗೆ ಎಲ್ಲ ತಿಳಿಯಿತು. ಕೈ ಚಾಚಿದಳು. “ನಂಗೆ ಕಾಣಿಸ್ತಿಲ್ವಲ್ಲಪ್ಪ… ಬಾ ಕಂದಾ. ಅಮ್ಮ ಬಂದಿದೀನಿ, ಬಾ.”

ಕತ್ತಿನ ಸುತ್ತಲಿನ ತೋಳುಗಳು ಬಿಗಿಯಾದವು.

“ಬರಲ್ವಂತಾ?”

ಅವನು ತಲೆ ತಗ್ಗಿಸಿದ.

“ಹೇಗೆ ಬಂದಾಳು,” ಎಂದಳು ಮುದುಕಿ. “ಇಷ್ಟು ವರ್ಷ ಕತ್ತಲಲ್ಲಿ ಹೊಲಿದು ಹಾಕಿದೋಳು ನಾನೇ ಅಲ್ವಾ.”

“ಅಜ್ಜಿ, ತಪ್ಪಾಯ್ತು. ಕಾಲಿಗೆ ಬೀಳ್ತೀನಿ. ಏನಾದ್ರೂ ದಾರಿ ಹೇಳಿ.”

“ಕಟ್ಟಿದ ಮಂತ್ರವಾದಿ ಸತ್ತ. ಅವನು ಆವತ್ತು ಹೇಳಿದ್ದು ಒಂದೇ ದಾರಿ. ಇನ್ನೊಂದು ಮಗುವಿನ ಉಸಿರು ಕೊಟ್ರೆ ಬಿಡ್ತಾಳಂತೆ.” ಅವಳು ಒಳಗೆ ಮಲಗಿದ್ದ ಗುಬ್ಬಿಯ ಕಡೆ ನೋಡಿ ಕಣ್ಣೊರೆಸಿಕೊಂಡಳು. “ಅದು ನನ್ನ ಬಾಯಲ್ಲಿ ಬಂದಿದ್ದೇ ತಪ್ಪು. ಮರೆತುಬಿಡು.” ಕುರ್ಚಿಯನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಹೋದಳು.

ಅದರ ಮಾರನೆಯ ಬೆಳಗ್ಗೆ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೊರಟಳು. ಹೋಗೆಂದವನು ಅವನೇ. ಗುಬ್ಬಿ ಹೊಸ್ತಿಲಾಚೆ ನಿಂತು ಕೇಳಿದಳು, “ಅಪ್ಪಾ, ಅವಳು ಇಳಿದ ಮೇಲೆ ನನ್ನ ಕರೀತೀಯಾ?”

“ಕರೀತೀನಿ ಮಗಳೇ. ಕರೀದೆ ಇರ್ತೀನಾ? ಓಡಿ ಬರುವಿಯಂತೆ.”

ಗಾಡಿ ಹೊರಟಿತು. ಗುಬ್ಬಿ ಕಿಟಕಿಯಿಂದ ಕೈ ಬೀಸತೊಡಗಿದಳು. ಅವನೂ ಕೈ ಎತ್ತಿದ. ಅಷ್ಟರಲ್ಲಿ ಬೆನ್ನ ಮೇಲಿನ ಕೂಸು ಜಾರಿತು. ಪಾಪ, ಎಷ್ಟು ವರ್ಷದ ಅಭ್ಯಾಸ! ಅವನಿಗೇ ಅರಿವಿಲ್ಲದೆ ಎರಡೂ ಕೈ ಹಿಂದಕ್ಕೆ ಹೋದವು. ಕೈಗೆ ಸಿಗದ ಆ ಭಾರವನ್ನು ಬೀಳದಂತೆ ಎತ್ತಿ ಸರಿಯಾಗಿ ಕೂರಿಸಿಕೊಂಡ.

ಗುಬ್ಬಿ ಅದನ್ನು ನೋಡಿದಳು. ಬೀಸುತ್ತಿದ್ದ ಕೈಯನ್ನು ಒಳಗೆಳೆದುಕೊಂಡಳು.