ಕೊನೆಯ ಸಾಲಿನ ಡಬ್ಬಿಗಳು

"ಮಾಡಿದವಳು ಯಾರು ಅಂತ ನಂಗೆ ಗೊತ್ತು. ನೀವು ಸಾಕ್ಷಿ ಹುಡುಕಿಕೊಟ್ಟರೆ ಸಾಕು," ಎಂದು ಡಬ್ಬಿಯಮ್ಮ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಟ್ಟರು.

ಗುರುವಾರ ಬೆಳಿಗ್ಗೆ ಹತ್ತರ ಹೊತ್ತು. ನೆಲಮಹಡಿಯ ತಕ್ಕಡಿ ತಾತನ ಕೋಣೆಗೆ ಗೋಂದಣ್ಣ ಆಗಷ್ಟೇ ಬಂದು ಪತ್ರಿಕೆ ಬಿಡಿಸಿದ್ದ. ಪುಸ್ತಕಗಳಿಗೆ ರಟ್ಟು ಹಾಕುವುದು ಅವನ ಕಸುಬು. ಬೆರಳ ಸಂದಿಯಲ್ಲಿ ಸದಾ ಒಣಗಿದ ಗೋಂದು ಇರುತ್ತಿದ್ದುದರಿಂದ ಆ ಹೆಸರು ಬಂತೋ, ಹತ್ತು ವರ್ಷದಿಂದ ತಾತನಿಗೆ ಅಂಟಿಕೊಂಡೇ ಇದ್ದುದರಿಂದ ಬಂತೋ, ಅವನಿಗೇ ಮರೆತುಹೋಗಿತ್ತು. ತಾತ ಮೂವತ್ತು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ನಿವೃತ್ತರಾದ ಮೇಲೂ ಅವರ ಮೇಜಿನ ಮೇಲಿಂದ ಸಣ್ಣ ತಕ್ಕಡಿ ಇಳಿದಿರಲಿಲ್ಲ. ಆ ಮೂರಂತಸ್ತಿನ ಕಟ್ಟಡದಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಜನ ಮೊದಲು ತಟ್ಟುತ್ತಿದ್ದುದು ಅವರ ಬಾಗಿಲನ್ನು.

ಡಬ್ಬಿಯಮ್ಮ ಮೇಲಿನ ಮಹಡಿಯವರು. ಬೆವರಿನ ವಾಸನೆ ತಡೆಯುವ ಮುಲಾಮನ್ನು ಮನೆಯಲ್ಲೇ ಕಾಯಿಸಿ, ಪುಟ್ಟ ಗಾಜಿನ ಡಬ್ಬಿಗಳಿಗೆ ತುಂಬಿ ಹದಿನೈದು ವರ್ಷದಿಂದ ಮಾರುತ್ತಿದ್ದರು. ಅಂಗಡಿಯ ಡಿಯೋಡರೆಂಟ್ ಮೈಗೆ ಒಗ್ಗದವರೆಲ್ಲ ಅವರ ಗಿರಾಕಿಗಳೇ. ನಾಲ್ಕು ತಿಂಗಳ ಹಿಂದೆ ಅವರ ಗಂಡ ತೀರಿಕೊಂಡಿದ್ದರು.

ಅವರು ಕೈಚೀಲದಿಂದ ಆರು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ನರ್ಸುಗಳ ಹಾಸ್ಟೆಲಿನಿಂದ ವಾಪಸು ಬಂದಿವೆ. ಏಳು ಜನಕ್ಕೆ ಕಂಕುಳು ಸುಟ್ಟ ಹಾಗೆ ಕೆಂಪಾಗಿದೆ. ಒಬ್ಬಳಿಗೆ ಚರ್ಮವೇ ಸುಲಿದಿದೆ. ರೋಗಿಗಳನ್ನ ಎತ್ತಿ ಇಳಿಸೋ ಹುಡುಗಿ, ಈಗ ಅವಳ ಕೈ ಎತ್ತೋಕೇ ಇನ್ನೊಬ್ಬರು ಬೇಕು."

"ಇದರಲ್ಲಿ ಏನೇನು ಹಾಕ್ತೀರಿ?" ಎಂದು ತಾತ ಕೇಳಿದರು.

"ಕೊಬ್ಬರಿ ಎಣ್ಣೆ, ಜೇನುಮೇಣ, ಆರಾರೂಟ್ ಹಿಟ್ಟು, ಸ್ವಲ್ಪ ಅಡುಗೆ ಸೋಡಾ, ನಾಲ್ಕು ಹನಿ ಪರಿಮಳ. ಇನ್ನೇನಿಲ್ಲ. ಪ್ರತಿ ಪಾಕದಲ್ಲೂ ಮೊದಲು ತುಂಬಿದ ಡಬ್ಬಿ ನಾನೇ ಇಟ್ಕೊಂಡು, ನನ್ನ ತೋಳಿಗೆ ಹಚ್ಚಿ ಒಂದು ದಿನ ನೋಡ್ತೀನಿ. ಆಮೇಲೇ ಹೊರಗೆ ಕಳಿಸೋದು. ನೋಡಿ, ಒಂದು ಗುಳ್ಳೆ ಇದೆಯಾ?" ಅವರ ತೋಳು ನುಣ್ಣಗಿತ್ತು. "ಅಂದ ಮೇಲೆ ನನ್ನ ಒಲೆಯಿಂದ ಇಳಿಯೋವರೆಗೆ ಸರಿಯಾಗೇ ಇತ್ತು. ಆಮೇಲೆ ಅದನ್ನ ಮುಟ್ಟೋದು, ಚೀಟಿ ಅಂಟಿಸೋದು, ಕಟ್ಟೋದು ಎಲ್ಲ ನನ್ನ ಸೊಸೆ."

"ಆ ಹುಡುಗಿ ಯಾಕೆ ಹೀಗೆ ಮಾಡ್ತಾಳೆ?"

"ನಾನು ಒಲೆ ಹತ್ತಿರ ಬಿಟ್ಕೊಳ್ಳಲ್ಲ ಅಂತ ಹೊಟ್ಟೆ ಉರಿ. ಅವಳು ಬಂದ ಮೇಲೇ ಈ ದೂರು ಶುರುವಾಗಿದ್ದು. ಭಾನುವಾರ ಮಗ ಕೆಲಸದ ಊರಿಂದ ಬರ್ತಾನೆ. ತವರಿಗೆ ಬಿಟ್ಟು ಬಾ, ಮತ್ತೆ ಕರ್ಕೊಂಡು ಬರ್ಬೇಡ ಅಂತ ಹೇಳೋಳಿದೀನಿ."

ಗೋಂದಣ್ಣ ಪತ್ರಿಕೆ ಮಡಿಸಿ ಬದಿಗಿಟ್ಟ. ಮದುವೆಯಾಗಿ ಬಂದ ಇಪ್ಪತ್ತನೆಯ ದಿನಕ್ಕೇ ಆ ಹುಡುಗಿಯ ಮಾವ ತೀರಿಕೊಂಡಿದ್ದರು. ಅವರ ಹರಿದ ಪ್ರಾರ್ಥನೆ ಪುಸ್ತಕವನ್ನು ಅವಳು ಗುಟ್ಟಾಗಿ ಅವನಲ್ಲಿಗೆ ತಂದು, "ಅಣ್ಣ, ಅತ್ತೆಗೆ ಗೊತ್ತಾಗದ ಹಾಗೆ ಹೊಸ ರಟ್ಟು ಹಾಕಿಕೊಡಿ" ಎಂದಿದ್ದಳು. ಅಂಥವಳು ಬೇರೆಯವರ ಮೈ ಸುಡುತ್ತಾಳೆಂದು ನಂಬಲು ಅವನ ಮನಸ್ಸು ಒಪ್ಪಲಿಲ್ಲ. ಆದರೆ ಮನಸ್ಸು ಒಪ್ಪದ್ದನ್ನು ತಾತ ಸಾಕ್ಷಿಯೆಂದು ತೆಗೆದುಕೊಳ್ಳುವವರಲ್ಲ.

ಡಬ್ಬಿಯಮ್ಮ ಹೋದ ಮೇಲೆ ತಾತ ಒಂದು ಡಬ್ಬಿಯ ಮುಚ್ಚಳ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಮುಲಾಮಿನ ಮೇಲ್ಮೈಯ ಒಂದು ಮೂಲೆಯಲ್ಲಷ್ಟೇ ಬೆರಳಿನ ಗುರುತಿತ್ತು. ಉಳಿದದ್ದು ಕೆನೆಗಟ್ಟಿದ ಹಾಲಿನಂತೆ ಸಪಾಟಾಗಿತ್ತು. ಅವರು ಚಾಕುವಿನ ತುದಿಯಿಂದ ಒಂದಿಷ್ಟು ಕೆರೆದು ತಟ್ಟೆಗೆ ಹಾಕಿ, ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟರು. ಅದು ಬುಸ್ಸೆಂದು ನೊರೆ ಉಕ್ಕಿಸಿತು. ತಾತ "ಹ್ಞೂಂ" ಎಂದರು. ಆ ಒಂದು ಹೂಂಕಾರದಲ್ಲಿ ಏನಿತ್ತೆಂದು ಗೋಂದಣ್ಣನಿಗೆ ತಿಳಿಯಲಿಲ್ಲ. ಕೇಳಿದರೆ ಹೇಳುವವರೂ ಅಲ್ಲ.

ಇಬ್ಬರೂ ಮೆಟ್ಟಿಲು ಹತ್ತುವಾಗ ನಡುಮಹಡಿಯ ದರ್ಜಿ ಬಾಗಿಲಲ್ಲೇ ಸಿಕ್ಕಿದ. ಮೇಲಿನ ಮನೆಯ ಮುಲಾಮಿನ ಸುದ್ದಿ ತೆಗೆದದ್ದೇ ತಡ, ಅವನು ಕತ್ತರಿ ಕೆಳಗಿಟ್ಟ.

"ಉರಿ ಅಂತೆ ಉರಿ. ಅದರಲ್ಲಿ ಏನಾದ್ರೂ ಇದ್ರೆ ತಾನೆ ಉರಿಯೋದು? ಬರೀ ಎಣ್ಣೆ ಕಣ್ರಿ ತಾತ. ಹೊಸ ಅಂಗಿ ಹಾಕ್ಕೊಂಡು ಅರ್ಧ ದಿನ ಆಗಿರ್ಲಿಲ್ಲ, ಕಂಕುಳಲ್ಲಿ ಇಷ್ಟಗಲ ಜಿಡ್ಡಿನ ಕಲೆ. ಮಧ್ಯಾಹ್ನಕ್ಕೆ ನನ್ನ ವಾಸನೆ ನಂಗೇ ತಡೆಯೋಕಾಗ್ಲಿಲ್ಲ."

"ಪಾಪ, ಗಿರಾಕಿಗಳು ಹೇಗೆ ತಡ್ಕೊಂಡ್ರೋ," ಎಂದ ಗೋಂದಣ್ಣ.

"ಅಳತೆ ಕೊಡೋವಾಗ ಉಸಿರು ಹಿಡ್ಕೊಂಡ್ರು. ಎಲ್ಲರ ಅಂಗಿನೂ ಬಿಗಿಯಾಗಿ ಕೂತಿದೆ."

ತಾತ ನಗುತ್ತಲೇ ಅವನ ಡಬ್ಬಿಯನ್ನು ಕೇಳಿ ಪಡೆದರು. ಮುಚ್ಚಳದ ಮೇಲಿನ ತಾರೀಖು ನರ್ಸುಗಳ ಡಬ್ಬಿಯ ಮೇಲಿದ್ದ ತಾರೀಖೇ ಆಗಿತ್ತು.

ಮೇಲೆ, ಚೀಟಿ ಅಂಟಿಸುವ ಕೋಣೆಯಲ್ಲಿ ಸೊಸೆ ಒಬ್ಬಳೇ ಕೂತಿದ್ದಳು. ಅತ್ತು ಮುಗಿಸಿದ ಮುಖ.

"ಬಾಗಿಲು ಹಾಕ್ಕೊಂಡು ಅತ್ತೆ ಒಬ್ರೇ ಕಾಯಿಸ್ತಾರೆ, ಒಬ್ರೇ ತುಂಬ್ತಾರೆ ತಾತ," ಎಂದಳು. "ಈ ಹಲಗೆ ಮೇಲೆ ನಲವತ್ತು ಡಬ್ಬಿ, ಎಂಟೆಂಟರ ಐದು ಸಾಲು. ತಣ್ಣಗಾದ ಮೇಲೆ ಹಲಗೆ ಸಮೇತ ನಂಗೆ ಕೊಡ್ತಾರೆ. ಅತ್ತೆ ಮೊದಲ ಡಬ್ಬಿ ತೆಗೆದಿಟ್ಟ ಈ ತುದಿಯಿಂದಲೇ ನಾನೂ ತೆಗೀತಾ ಹೋಗ್ತೀನಿ. ಕಟ್ಟಡದೋರಿಗೆ ಮೊದಲ ಸಾಲು, ಆಮೇಲೆ ಅಂಗಡಿಗಳಿಗೆ. ಹಾಸ್ಟೆಲಿಗೆ ಸೋಮವಾರ ಹೋಗೋದ್ರಿಂದ ಅವರದ್ದು ಯಾವಾಗ್ಲೂ ಕೊನೇ ಸಾಲು."

"ಅತ್ತೆಗೆ ಇದನ್ನ ಹೇಳಿದ್ಯಾ?"

"ಏನಂತ ಹೇಳ್ಲಿ? ನಾನು ಬಾಯಿ ತೆರೆದ್ರೆ ಅವರು ಎದ್ದು ಹೋಗ್ತಾರೆ. ಬಟ್ಟೆ ಕಟ್ಟಿ ಇಟ್ಟಿದೀನಿ. ಭಾನುವಾರ ನಮ್ಮನೆಯವ್ರು ಬಂದು ಯಾರ ಮಾತು ಕೇಳ್ತಾರೋ, ದೇವರಿಗೇ ಗೊತ್ತು."

ಹಿತ್ತಲಿನ ಶೆಡ್ಡಿನಲ್ಲಿ ಡಬ್ಬಿಯಮ್ಮನ ಮೈದುನ ಸಾಬೂನು ಮಾಡುತ್ತಿದ್ದ. ಎರಡೂ ಕೆಲಸವನ್ನು ಒಂದು ಮಾಡೋಣವೆಂದು ಅವನು ಕೇಳಿದ್ದ, ಅತ್ತಿಗೆ ಒಪ್ಪಿರಲಿಲ್ಲ ಎಂಬುದು ಕಟ್ಟಡಕ್ಕೆಲ್ಲ ಗೊತ್ತಿದ್ದ ಮಾತು. ಮೂಲೆಯಲ್ಲಿ ಕಾಸ್ಟಿಕ್ ಸೋಡಾದ ಪೀಪಾಯಿ ಕಂಡದ್ದೇ ಗೋಂದಣ್ಣ ತಾತನ ಮೊಣಕೈ ತಿವಿದ. ಮುಟ್ಟಿದರೆ ಮೈ ಸುಡುವ ವಸ್ತು ಅದು.

ಮೈದುನ ಅದನ್ನು ನೋಡಿಬಿಟ್ಟ. "ತಿವೀಬೇಡಿ ಗೋಂದಣ್ಣ, ನೇರವಾಗೇ ಕೇಳಿ. ಅತ್ತಿಗೆ ಹಟಮಾರಿ ನಿಜ. ಅದಕ್ಕೆ ನರ್ಸುಗಳ ಕಂಕುಳು ಸುಡ್ತೀನಾ? ಅಣ್ಣ ಇದ್ದಾಗ ಒಂದು ದೂರು ಬರ್ಲಿಲ್ಲ ನೋಡಿ."

"ಅಣ್ಣನೂ ಕೈ ಹಾಕ್ತಿದ್ದನಾ ಈ ಕೆಲಸಕ್ಕೆ?" ಎಂದು ತಾತ ಕೇಳಿದರು.

"ಅಣ್ಣನ ಕೆಲಸವೇ? ಅತ್ತಿಗೆ ಪಕ್ಕ ನಿಂತು ಸೌಟು ತಿರುಗಿಸ್ತಾ ಹಾಡು ಗುನುಗೋದು. ಅದೂ ಒಂದು ಕೆಲಸವಾ ಅಂತ ನಾವೆಲ್ಲ ರೇಗಿಸ್ತಿದ್ವಿ."

ತಾತ ನಗಲಿಲ್ಲ. ಕೋಣೆಗೆ ಮರಳಿ ನರ್ಸುಗಳ ಡಬ್ಬಿಯನ್ನೂ ದರ್ಜಿಯ ಡಬ್ಬಿಯನ್ನೂ ಮತ್ತೆ ಮತ್ತೆ ಕೈಯಲ್ಲಿ ಆಡಿಸಿದರು. "ಶನಿವಾರ ಮೂರು ಗಂಟೆಗೆ ಎಲ್ಲರನ್ನೂ ಡಬ್ಬಿಯಮ್ಮನ ಅಡುಗೆಮನೆಗೆ ಕರಿ," ಎಂದರು.

ಶನಿವಾರ ಆ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದರ್ಜಿ ಕಿಟಕಿಗೆ ಒರಗಿದ್ದ. ಮೈದುನ ಕೈಕಟ್ಟಿ ನಿಂತಿದ್ದ. ಚರ್ಮ ಸುಲಿದಿದ್ದ ನರ್ಸು ತೋಳನ್ನು ಮೈಗೆ ತಾಗದಂತೆ ದೂರ ಹಿಡಿದು ಸ್ಟೂಲಿನ ಮೇಲೆ ಕೂತಿದ್ದಳು. ಸೊಸೆ ಬಾಗಿಲಿನ ಹೊರಗೇ ನಿಂತಿದ್ದಳು. ತಾತನ ತಕ್ಕಡಿ ಊಟದ ಮೇಜಿನ ಮೇಲಿತ್ತು.

"ಅಮ್ಮ, ಯಾವಾಗ್ಲೂ ಮಾಡೋ ಹಾಗೆ ಒಂದು ಪಾಕ ಮಾಡಿ. ನಾವು ಯಾರೂ ಇಲ್ಲ ಅಂದ್ಕೊಳ್ಳಿ," ಎಂದರು ತಾತ.

ಡಬ್ಬಿಯಮ್ಮ ಎಣ್ಣೆ ಕಾಯಿಸಿದರು, ಮೇಣ ಕರಗಿಸಿದರು, ಹಿಟ್ಟೂ ಸೋಡಾವೂ ಹಾಕಿ ಮರದ ಸೌಟಿನಿಂದ ಚೆನ್ನಾಗಿ ಕಲಕಿದರು. ಆಮೇಲೆ ಸೌಟು ಬದಿಗಿಟ್ಟು, ಮೂತಿಯಿದ್ದ ಭಾರದ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಡಬ್ಬಿಗಳಿಗೆ ಸುರಿಯತೊಡಗಿದರು. ಒಂದು ಹನಿ ಹೊರಗೆ ಚೆಲ್ಲಲಿಲ್ಲ. ಪ್ರತಿ ಡಬ್ಬಿಯೂ ಕಂಠದ ಗೆರೆಗೆ ಸರಿಯಾಗಿ ತುಂಬಿತು. ನಲವತ್ತು ಮುಗಿಯಲು ಕಾಲು ಗಂಟೆಯೇ ಹಿಡಿಯಿತು.

ತಾತ ಮೊದಲ ಡಬ್ಬಿಯನ್ನು ತೂಗಿದರು. "ಗಾಜಿನ ತೂಕ ಕಳೆದು ನಲವತ್ತೊಂಬತ್ತು ಗ್ರಾಂ." ಆಮೇಲೆ ಕೊನೆಯದನ್ನು ತೂಗಿದರು. "ಐವತ್ತೇಳು. ಅದೇ ಡಬ್ಬಿ, ಅದೇ ಗೆರೆ. ಎಂಟು ಗ್ರಾಂ ಎಲ್ಲಿಂದ ಬಂತು?"

ತಾತ ಎರಡೂ ಡಬ್ಬಿಗಳನ್ನು ಪಕ್ಕಪಕ್ಕ ಇಟ್ಟು ಎಲ್ಲರ ಕಡೆ ತಿರುಗಿದರು.

"ಮೊದಲು ಮೈದುನನ ವಿಚಾರ ಮುಗಿಸ್ತೀನಿ. ಕಾಸ್ಟಿಕ್‌ಗೆ ವಿನೆಗರ್ ಹಾಕಿದ್ರೆ ನೊರೆ ಬರಲ್ಲ, ಅಮ್ಮ ಹಾಕೋ ಸ್ವಲ್ಪ ಸೋಡಾಕ್ಕೆ ನಾಲ್ಕು ಗುಳ್ಳೆ ಬರ್ಬೇಕಷ್ಟೆ. ಇದು ಬುಸ್ಸಂತ ಉಕ್ಕಿತು. ಅಂದ್ರೆ ಸುಟ್ಟಿದ್ದು ಅಡುಗೆ ಸೋಡಾನೇ, ಅಳತೆ ಮೀರಿದ ಸೋಡಾ. ಸೊಸೆ ಆಮೇಲೆ ಸೇರಿಸಿರಬಹುದಾ? ಗಟ್ಟಿಯಾದ ಮುಲಾಮಿಗೆ ಪುಡಿ ಬೆರೆಸ್ಬೇಕಾದ್ರೆ ಅದನ್ನ ಕದಡ್ಬೇಕು. ನರ್ಸುಗಳ ಡಬ್ಬಿಯ ಮೇಲ್ಮೈ ಕದಡಿರ್ಲಿಲ್ಲ. ಇನ್ನೊಂದು ಮಾತು. ಅದೇ ದಿನದ ಪಾಕದಲ್ಲಿ ದರ್ಜಿಗೆ ಸಿಕ್ಕಿದ್ದು ಬರೀ ಎಣ್ಣೆ. ಕೇಡು ಬಗೆಯೋಳು ಒಂದು ಡಬ್ಬಿಗೆ ಸೋಡಾ ಸೇರಿಸ್ತಾಳೆ ಸರಿ. ಇನ್ನೊಂದರಿಂದ ಅದನ್ನ ಹೆಕ್ಕಿ ತೆಗೀತಾಳಾ? ಅದು ಯಾವ ಮನುಷ್ಯರ ಕೈಯಲ್ಲೂ ಆಗೋ ಕೆಲಸ ಅಲ್ಲ."

"ಮತ್ತೆ ಯಾರು ತೆಗೆದ್ರು?" ಎಂದ ದರ್ಜಿ.

"ಯಾರೂ ತೆಗೀಲಿಲ್ಲ. ಅದು ತಳಕ್ಕೆ ಇಳೀತು. ಬಿಸಿ ಎಣ್ಣೆಯಲ್ಲಿ ಸೋಡಾ ಕರಗಲ್ಲ, ತೇಲಾಡ್ತಾ ಇರುತ್ತೆ. ಕಲಕೋದು ನಿಲ್ಲಿಸಿದ ಕ್ಷಣದಿಂದ ಇಳಿಯೋಕೆ ಶುರು. ಮೊದಲ ಸಾಲಿಗೆ ಮೇಲಿನ ತಿಳಿ ಎಣ್ಣೆ. ಕೊನೇ ಸಾಲಿಗೆ ತಳದ ಸೋಡಾ. ಅಮ್ಮ ತಮ್ಮ ತೋಳಿಗೆ ಹಚ್ಚಿ ನೋಡೋದು ಮೊದಲನೇ ಡಬ್ಬಿ, ಅದು ಎಂದೂ ಉರಿಯಲ್ಲ. ಹಾಸ್ಟೆಲಿಗೆ ಹೋಗೋದು ಕೊನೇವು. ನಾಲ್ಕು ತಿಂಗಳ ಹಿಂದೆ ಈ ಮನೆಯಲ್ಲಿ ಎರಡು ಬದಲಾವಣೆ ಆದವು. ಒಬ್ಬಳು ಬಂದಳು, ಒಬ್ಬರು ಹೋದರು. ಅಮ್ಮ ಬಂದವಳನ್ನ ಲೆಕ್ಕಕ್ಕೆ ಹಿಡಿದ್ರು." ತಾತ ದನಿ ತಗ್ಗಿಸಿದರು. "ಪಾತ್ರೆ ಹಿಡಿಯೋಕೆ ನಿಮ್ಮ ಎರಡೂ ಕೈ ಬೇಕಮ್ಮ. ನೀವು ಸುರಿಯೋವಾಗ ಅದರಲ್ಲಿ ಸೌಟು ಆಡಿಸ್ತಾ ಇದ್ದೋರು ಯಾರು?"

ಡಬ್ಬಿಯಮ್ಮ ಒಲೆಯ ಎಡಗಡೆಯ ಖಾಲಿ ಜಾಗವನ್ನು ನೋಡಿದರು. ಗೋಂದಣ್ಣನಿಗೆ ಅಲ್ಲಿ ನಿಲ್ಲುವುದೇ ಕಷ್ಟವಾಯಿತು. ದೇವರು ಒಬ್ಬರನ್ನು ಕರೆದುಕೊಂಡಾಗ ಏನೇನನ್ನು ಜೊತೆಗೆ ಕೊಂಡೊಯ್ಯುತ್ತಾನೆಂಬ ಪಟ್ಟಿ ಯಾರಿಗೂ ಒಂದೇ ಸಲಕ್ಕೆ ಸಿಗುವುದಿಲ್ಲ, ವರ್ಷಗಟ್ಟಲೆ ಒಂದೊಂದಾಗಿ ತಿಳಿಯುತ್ತ ಹೋಗುತ್ತದೆ ಎಂದು ಅವನಿಗೆ ಅನ್ನಿಸಿತು.

"ಅದು ಒಂದು ಕೆಲಸ ಅಂತಾನೇ ನಾನು ಎಣಿಸಿರ್ಲಿಲ್ಲ," ಎಂದರು ಡಬ್ಬಿಯಮ್ಮ ಕೊನೆಗೆ. "ಸುಮ್ನೆ ನನ್ನ ಜೊತೆಗೆ ಅಂತ ನಿಲ್ತಾರೆ ಅಂದ್ಕೊಂಡಿದ್ದೆ. ಅವರು ಹೋದ ಮೇಲೆ ಆ ಜಾಗದಲ್ಲಿ ಇನ್ನೊಬ್ಬರು ನಿಲ್ಲೋದನ್ನ ನೋಡೋ ಶಕ್ತಿ ನಂಗಿರ್ಲಿಲ್ಲ. ಅದಕ್ಕೇ ಬಾಗಿಲು ಹಾಕ್ಕೋತಿದ್ದೆ."

ಅವರು ನರ್ಸಿನ ಹತ್ತಿರ ಹೋದರು. "ನಿನ್ನ ಮೈ ಸುಟ್ಟಿದ್ದು ನಾನೇ ಕಣಮ್ಮ." ನರ್ಸು ಏನೋ ಹೇಳಲು ಹೊರಟಳು. ಅವರು ತಲೆಯಾಡಿಸಿ ಬಾಗಿಲ ಕಡೆ ತಿರುಗಿದರು.

"ನಿನ್ನ ಹೆಸರನ್ನ ಇವರೆಲ್ಲರ ಮುಂದೆ ಕೆಡಿಸಿದೆ. ಇವರೆಲ್ಲರ ಮುಂದೇ ಹೇಳ್ತಿದೀನಿ, ತಪ್ಪು ನಂದು. ನಾಳೆ ಅವನು ಬಂದಾಗಲೂ ಇದನ್ನೇ ಹೇಳ್ತೀನಿ. ಇರೋದು ಹೋಗೋದು ನಿನಗೆ ಬಿಟ್ಟಿದ್ದು. ಇರು ಅಂತ ಹೇಳೋ ಮುಖ ನಂಗಿಲ್ಲ."

"ನಾಲ್ಕು ತಿಂಗಳು ಒಂದು ಮಾತು ಕೇಳ್ಲಿಲ್ಲ ನೀವು," ಎಂದಳು ಸೊಸೆ. "ಮಾವನ್ನ ಕಳ್ಕೊಂಡಿದ್ದು ನೀವೊಬ್ರೇ ಅನ್ನೋ ಹಾಗೆ ಇದ್ರಿ."

"ಹೌದು," ಎಂದರು ಡಬ್ಬಿಯಮ್ಮ.

ಸೊಸೆಯ ಕಣ್ಣು ಮೇಜಿನ ಮೇಲಿನ ನಲವತ್ತು ಡಬ್ಬಿಗಳ ಮೇಲೆ ಬಿತ್ತು. "ಇವು ಗಟ್ಟಿಯಾಗೋಕೆ ಮುಂಚೆ ವಾಪಸು ಪಾತ್ರೆಗೆ ಸುರೀಬೇಕಲ್ವಾ?" ಎಂದಳು.

ಯಾರೂ ಉತ್ತರಿಸುವ ಮೊದಲೇ ಅವಳು ಒಳಗೆ ಬಂದು ಕೊನೆಯ ಸಾಲಿನಿಂದ ಶುರುಮಾಡಿ ಒಂದೊಂದನ್ನೇ ಪಾತ್ರೆಗೆ ಬಗ್ಗಿಸಿದಳು. ದರ್ಜಿಯೂ ಮೈದುನನೂ ಕೈಹಾಕಿದರು. ಡಬ್ಬಿಯಮ್ಮ ಒಲೆಯನ್ನು ಸಣ್ಣಗೆ ಉರಿಸಿ, ಅದರ ಎಡಬದಿಯ ಜಾಗವನ್ನು ಬಿಟ್ಟು ಸರಿದು ನಿಂತರು. ಸೊಸೆ ಅಲ್ಲಿ ಬಂದು ಸೌಟು ಹಿಡಿದಳು.

"ಯಾವ ಕಡೆಗೆ ತಿರುಗಿಸ್ಬೇಕು ಅತ್ತೆ? ಮಾವ ಹೇಗೆ ತಿರುಗಿಸ್ತಿದ್ರು?"

ಡಬ್ಬಿಯಮ್ಮ ಅವಳ ಕೈಯಲ್ಲಿದ್ದ ಸೌಟನ್ನು ನೋಡಿದರು. ಹದಿನೈದು ವರ್ಷ ಅವರ ಕಣ್ಣು ಡಬ್ಬಿಯ ಕಂಠದ ಗೆರೆಯ ಮೇಲೇ ಇತ್ತು.

"ನಾನು ನೋಡ್ಲೇ ಇಲ್ಲ ಮಗಳೇ," ಎಂದರು. "ನಿಂಗೆ ಹೇಗೆ ಬರುತ್ತೋ ಹಾಗೆ ತಿರುಗಿಸು. ಈ ಸಲ ನೋಡ್ಕೋತೀನಿ."