ಸೆಟ್ಟಿನೊಳಗಿನ ದಮ್ಮು

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಬಂದರಿನಲ್ಲಿ ನನ್ನದು ರೇಡಿಯೊ ರಿಪೇರಿ ಅಂಗಡಿ. ಹೆಡ್‌ಫೋನ್ ಹಾಕಿದರೆ ಯಾವ ವಾಲ್ವ್ ಸೆಟ್ಟಾದರೂ ಸಣ್ಣಗೆ ಸುಯ್ಯೆನ್ನುತ್ತದೆ. ಅದಕ್ಕೆಲ್ಲ ಹೆದರುವವನಲ್ಲ ನಾನು. ಆದರೆ ರಿಪೇರಿಗೆ ಬಂದ ಆ ಒಂದು ಸೆಟ್ಟಿನ ಸದ್ದು, ಏರಿಯಲ್ ಕಿತ್ತರೂ ವಾಲ್ಯೂಮ್ ಪೂರ್ತಿ ಇಳಿಸಿದರೂ, ಏರುತ್ತಿತ್ತು, ಇಳಿಯುತ್ತಿತ್ತು, ನಡುನಡುವೆ ಸಿಕ್ಕಿಕೊಳ್ಳುತ್ತಿತ್ತು.

ನನ್ನ ಕಿವಿಯದ್ದೇ ದೋಷವೋ ಎಂದು ಪಕ್ಕದ ಗೋದಾಮಿನಲ್ಲಿ ಮೆಣಸು ಗೇರುತ್ತಿದ್ದ ದೇಯಿಯಕ್ಕನನ್ನು ಕರೆದು ಕೇಳಿಸಿದೆ. ಅವಳ ಗಂಡ ದುಗ್ಗಪ್ಪಣ್ಣ ಹಾಯಿಮಂಜಿಯಲ್ಲಿ ಕಡಲಿಗೆ ಹೋದವರು ಮರಳಿರಲಿಲ್ಲ. ಹೆಣ ಸಿಗದೆ, ಅವರು ಸತ್ತರೆಂದು ಅವಳು ಒಪ್ಪಿರಲಿಲ್ಲ. ಸತ್ತವರನ್ನು ಒಳಗೆ ಕರೆದು ಬಡಿಸುವ ನಮ್ಮ ಕ್ರಮ ಹಾಗೇ ಬಾಕಿ ಉಳಿದಿತ್ತು.

ದೇಯಿಯಕ್ಕ ಕಣ್ಣು ಮುಚ್ಚಿ ಕೇಳಿದಳು.

"ಇದು ಅವರ ದಮ್ಮು ಮಾರಾಯ. ಉಬ್ಬಸ ಬಂದಾಗ ಹೀಗೇ ಉಸಿರೆಳೀತಿದ್ರು. ಇಷ್ಟು ದಿನ ಹೊರಗೇ ನಿಂತಿದ್ದಾರೆ."

ಆಮೇಲೆ ಸೆಟ್ಟಿನತ್ತ ಬಾಗಿ ಮೆಲ್ಲಗೆ, "ಬನ್ನಿ, ಮನೆಗೆ ಹೋಗುವ," ಎಂದು ಹೆಡ್‌ಫೋನ್ ನನಗೆ ಕೊಟ್ಟಳು. ಕಿವಿಗಿಟ್ಟರೆ ಸೆಟ್ಟು ಪೂರ್ತಿ ಮೌನ.

ಆ ವಾರವೇ ಅವಳು ಗಂಡನಿಗೆ ಎಲೆ ಬಡಿಸಿಟ್ಟು, ಹೊರಗೆ ಬಂದು ಬಾಗಿಲು ಮುಚ್ಚಿದಳು. ನಾವೆಲ್ಲ ಕ್ರಮದಂತೆ ಹೊರಗೆ ಕೂತೆವು. ಕರೆಂಟೇ ಇಲ್ಲದ ಆ ಮನೆಯೊಳಗೆ ಅದೇ ಸದ್ದು ಏರಿತು, ಸಿಕ್ಕಿಕೊಂಡಿತು, ಇಳಿಯಿತು. ನಾನು ದಡಬಡಿಸಿ ಎದ್ದೆ.

ದೇಯಿಯಕ್ಕ ಕೈ ಹಿಡಿದು ಕೂರಿಸಿದಳು.

"ಕೂತ್ಕೋ ಮಾರಾಯ. ಅವರದ್ದು ಊಟ ಆಗ್ಲಿ."