ಭಾವನ ಕೈಗೆ ಕೊಟ್ಟ ನಿಧಿ

“ನಿಂಗೆ ಮೀನಿನ ತಲೆ ಕತ್ತರಿಸೋದು ಗೊತ್ತು, ನೆಲಿದಾ. ಫಂಡಿನ ತಲೆನೋವು ನಂಗೆ ಬಿಟ್ಬಿಡು.”

ಗಾಸ್ತೋನ್ ಹೀಗೆಂದು ಬ್ರೆಡ್ಡಿನ ಮೇಲೆ ಬೆಣ್ಣೆಹಣ್ಣನ್ನು ದಪ್ಪಗೆ ಬಳಿದುಕೊಂಡ. ನೆಲಿದಾಳ ಗಂಡನ ಅಣ್ಣ ಅವನು. ಭಾನುವಾರ ಸಂಜೆಯ ಚಹಾಕ್ಕೆ ಮೀನಿನ ಬಂದರು ತಾಲ್ಕಾವಾನೋದ ನೆಲಿದಾಳ ಮನೆಯಲ್ಲಿ ಎಲ್ಲರೂ ಸೇರಬೇಕು. ಮೊದಲ ಲೋಟವೂ ಕೊನೆಯ ಮಾತೂ ಅವನವೇ. ಅವಳು ಕೇಳಿದ್ದಾದರೂ ಏನು? ನನ್ನ ನಿವೃತ್ತಿ ಹಣ ಯಾಕೆ ಹೀಗೆ ಕರಗಿದೆ ಅಂತ, ಅಷ್ಟೇ.

ಸಂಬಳದಿಂದ ತಿಂಗಳು ತಿಂಗಳು ಕತ್ತರಿಸುವ ಆ ಹಣವನ್ನು ಎ ಯಿಂದ ಇ ವರೆಗಿನ ಐದು ನಿಧಿಗಳಲ್ಲಿ ಎಲ್ಲಿಡಬೇಕೆಂದು ದುಡಿಯುವವರೇ ಆರಿಸಬೇಕು. ಎ, ಬಿ ಷೇರುಪೇಟೆ ಕುಣಿದಂತೆ ಕುಣಿಯುತ್ತವೆ, ಸಿ ನಡುವಿನದು, ಡಿ, ಇ ಹೆಚ್ಚು ಅಲುಗುವುದಿಲ್ಲ. ಗಾಸ್ತೋನ್ ವರ್ಷಗಳ ಹಿಂದೆ ಯಾರೋ ಇಂಟರ್ನೆಟ್ ಸಲಹೆಗಾರನಿಗೆ ಚಂದಾ ಕಟ್ಟಿದ್ದ. ಆ ಮಹಾಶಯನ ಸಂದೇಶ ಬಂದ ಕೂಡಲೇ ಊರಲ್ಲಿ ಅರ್ಧ ಜನ ಬಿ ಯಿಂದ ಇ ಗೆ ಓಡುವರು, ಮತ್ತೊಂದು ಬಂದರೆ ಇ ಯಿಂದ ಬಿ ಗೆ. ನೆಲಿದಾ ಕಾರ್ಖಾನೆಯಲ್ಲಿ ಮೀನು ಸೀಳುತ್ತ ನಿಂತಿದ್ದಾಗ ಅವಳ ಹಣವನ್ನು ಓಡಿಸುತ್ತಿದ್ದವನು ಗಾಸ್ತೋನ್. ಅವಳ ಪಾಸ್‌ವರ್ಡನ್ನು ಗಂಡ ಅಬೆಲಾರ್ದೋ ಅಣ್ಣನ ಮೇಲಿನ ಭಕ್ತಿಯಿಂದ ಎಂದೋ ಕೊಟ್ಟುಬಿಟ್ಟಿದ್ದ. ಅರ್ಜಿ ಹಾಕಿ ಹಣ ಜಾಗ ಬದಲಿಸುವಷ್ಟರಲ್ಲಿ ಪೇಟೆ ಬಿದ್ದು ಮುಗಿದಿರುತ್ತಿತ್ತು. ಬಿದ್ದ ಮೇಲೆ ಹೊರಗೆ, ಏರಿದ ಮೇಲೆ ಒಳಗೆ... ಪ್ರತಿ ಓಟದಲ್ಲೂ ಅವಳ ಮುಪ್ಪಿನ ಅನ್ನದಿಂದ ಒಂದೊಂದು ತುತ್ತು ಉದುರುತ್ತಿತ್ತು!

ಸೆಪ್ಟೆಂಬರಿಗೆ ಅವಳಿಗೆ ಅರವತ್ತು ತುಂಬುತ್ತದೆ. ಹೆಂಗಸರಿಗೆ ಬಿಡುಗಡೆಯ ವಯಸ್ಸು. ಆ ಸಂಭ್ರಮಕ್ಕೆ, ರಬ್ಬರ್ ಕೈಗವಸಿನೊಳಗೆ ಹಾಕಿಕೊಳ್ಳುವ ತನ್ನ ಉಣ್ಣೆಯ ಕೈಗವಸುಗಳ ಹಳೆಯ ಜೋಡಿಯನ್ನು, ಉಳಿದ ಒಂದು ಜೋಡಿ ಅಲ್ಲಿವರೆಗೆ ಸಾಕೆಂದು, ಒಗೆದು ಆಗಲೇ ಒರೆಸುಬಟ್ಟೆಯ ಬುಟ್ಟಿಗೆ ಎಸೆದಿದ್ದಳು. ಆದರೆ ಮೊನ್ನೆ ಪಿಂಚಣಿ ಕಚೇರಿಯ ಹುಡುಗಿ ಎಲ್ಲ ನೋಡಿ, ಮೆಲ್ಲಗೆ, ಇನ್ನೂ ಮೂರು ವರ್ಷ ದುಡಿದರೆ ಒಳ್ಳೆಯದು ಅಮ್ಮಾ ಎಂದಿದ್ದಳು. ಇದ್ದಲ್ಲೇ ಬಿಟ್ಟಿದ್ದರೆ ಈಗಲೇ ಕೂರಬಹುದಿತ್ತು ಎಂದೂ ಸೇರಿಸಿದ್ದಳು.

ನೆಲಿದಾ ಇದನ್ನೇ ಮೇಜಿನ ಮುಂದೆ ಹೇಳಿದಳು. ಗಾಸ್ತೋನ್ ಚೀನಾ, ಅಮೆರಿಕ ಎಂದೆಲ್ಲ ಭಾಷಣ ಬಿಗಿದ. ಅತ್ತೆ ಎದುವಿನಾ ತಲೆದೂಗಿದರು. ಅಬೆಲಾರ್ದೋ ಚಹಾದಲ್ಲಿ ಚಮಚ ತಿರುಗಿಸುತ್ತಲೇ ಇದ್ದ, ಸಕ್ಕರೆ ಕರಗಿ ಎಷ್ಟು ಹೊತ್ತಾಗಿತ್ತೋ! ಆಗ ಗಾಸ್ತೋನನ ಹೆಂಡತಿ ಪಿಲಾರ್, ಸಮಾಧಾನ ಮಾಡುವ ಒಳ್ಳೆಯ ಮನಸ್ಸಿನಿಂದಲೇ, ಬಾಯಿಬಿಟ್ಟಳು.

“ಪೇಟೆ ಯಾರಪ್ಪಂದು ಹೇಳು? ನಮ್ಮದೇನೋ ಪುಣ್ಯಕ್ಕೆ ಸಿ ಲೇ ಬಿದ್ಕೊಂಡಿದೆ. ಇವರು ಮೊದಲಿಂದ ಅದನ್ನ ಮುಟ್ಟೇ ಇಲ್ಲ.”

ಚಮಚದ ಸದ್ದು ನಿಂತಿತು.

“ಮುಟ್ಟೇ ಇಲ್ವಾ?” ಎಂದಳು ನೆಲಿದಾ.

ಗಾಸ್ತೋನ್ ತುಟಿ ಒರೆಸಿಕೊಂಡ. “ಆ ಸಲಹೆಗಾರನ ಮಾತು ನಿಜ ಆಗುತ್ತಾ ಅಂತ ಮೊದ್ಲು ನೋಡ್ಬೇಕಲ್ಲ...”

“ನನ್ನ ಹಣದಲ್ಲಿ ನೋಡಿದ್ರಿ.”

“ದೊಡ್ಡವನ ಹತ್ರ ಹೀಗಾ ಮಾತಾಡೋದು?” ಅತ್ತೆ ಗದರಿದರು. “ನಿಮಗೋಸ್ಕರ ತಾನೇ ಅವನು ಕಷ್ಟಪಟ್ಟಿದ್ದು?”

“ಕಷ್ಟಪಟ್ಟಿದ್ದು ಈ ಕೈ, ಅತ್ತೆ.” ಊದಿಕೊಂಡ ಬೆರಳುಗಳನ್ನು ಅವಳು ಬೆಣ್ಣೆಹಣ್ಣಿನ ತಟ್ಟೆಯ ಪಕ್ಕದಲ್ಲಿಟ್ಟಳು. ದನಿ ಏರಲಿಲ್ಲ, ಏರಿದ್ದರೆ ಎಲ್ಲರಿಗೂ ಹಗುರಾಗುತ್ತಿತ್ತೇನೋ... “ಐಸ್ ನೀರಲ್ಲಿ ಇವು ಮರಗಟ್ಟಿದಾಗೆಲ್ಲ, ಇರ್ಲಿ, ಮುದುಕಿ ಆದ್ಮೇಲೆ ಕೂತು ತಿಂತೀನಿ ಅಂತ ಹಲ್ಲು ಕಚ್ಚಿದ್ದೀನಿ. ಅದನ್ನ ಇವರು ಆಟಕ್ಕೆ ಹಾಕಿದ್ರು. ತಮ್ಮದನ್ನ ಮಾತ್ರ ಜೋಪಾನವಾಗಿಟ್ರು. ಗೊತ್ತಿಲ್ದೆ ಮಾಡಿದ್ರೆ ಕ್ಷಮಿಸ್ತಿದ್ದೆ, ಗಾಸ್ತೋನ್. ನೀವು ಗೊತ್ತಿದ್ದೇ ಮಾಡಿದ್ರಿ.”

ಗಾಸ್ತೋನನ ಮುಖ ಕೆಂಪಾಯಿತು. ಈಗಲೂ ಕೆಟ್ಟಿಲ್ಲ, ಈ ವಾರವೇ ಬಿ ಗೆ ಹಾಕಿದರೆ ಹೋದದ್ದೆಲ್ಲ ವಾಪಸ್ಸು ಬರುತ್ತದೆ ಎಂದು ತಡವರಿಸಿದ. ಅವಳು ಫೋನು ತೆಗೆದಳು. ಕಚೇರಿಯ ಹುಡುಗಿ ಹೇಳಿಕೊಟ್ಟಂತೆ ಮೊದಲು ಪಾಸ್‌ವರ್ಡ್ ಬದಲಿಸಿದಳು. ಆಮೇಲೆ ಒಂದೊಂದೇ ಅಕ್ಷರ ಓದಿ, ಡಿ ಯನ್ನು ಒತ್ತಿದಳು. ಜೀವಮಾನದಲ್ಲಿ ತನ್ನ ದುಡಿಮೆಯ ಹಣದ ಜಾಗವನ್ನು ಅವಳೇ ಆರಿಸಿದ್ದು ಅದೇ ಮೊದಲು.

“ಹೋದದ್ದನ್ನ ಹಿಡಿಯೋಕೆ ಅಂತ ಉಳಿದದ್ದನ್ನ ಓಡಿಸಲ್ಲ. ಇನ್ಮೇಲೆ ಇಲ್ಲೇ ಇರುತ್ತೆ.”

ಗಾಸ್ತೋನ್ ಕೋಟು ಎತ್ತಿಕೊಂಡು ಹೊರಟ. ಪಿಲಾರ್ ಹೋಗುವಾಗ ಓರಗಿತ್ತಿಯ ಭುಜ ಮುಟ್ಟಲು ಕೈಚಾಚಿ, ಧೈರ್ಯ ಸಾಲದೆ ಹಿಂದೆಗೆದಳು. ಅತ್ತೆ ಕೋಣೆ ಸೇರಿಕೊಂಡರು. ಅಬೆಲಾರ್ದೋ ಮಾತ್ರ ಉಳಿದ.

“ಹೊಸ ಪಾಸ್‌ವರ್ಡು... ನಂಗಾದ್ರೂ ಹೇಳಲ್ವಾ?”

“ಹಿಂದೆ ನಿಂಗೊಬ್ಬನಿಗೇ ಹೇಳಿದ್ದೆ, ಅಬೆಲಾರ್ದೋ.”

ಅವನು ಎದ್ದು, ಒರೆಸುಬಟ್ಟೆಯ ಬುಟ್ಟಿಯ ತಳದಿಂದ ಅವಳ ಆ ಹಳೆಯ ಉಣ್ಣೆಯ ಕೈಗವಸುಗಳನ್ನು ಹೆಕ್ಕಿ, ಕೊಡವಿ, ಅವಳ ಬೆಳಗಿನ ಪಾಳಿಗೆ ಬೆಚ್ಚಗಿರಲೆಂದು ಒಲೆಯ ಸರಳಿಗೆ ನೇತುಹಾಕಿದ.